ಪ್ರಾಗ್‌ಗೆ ಹೋಗ್ತಿದ್ದೀರಾ? ದುಡ್ಡು ಬದಲಿಸುವ ಮುಂಚೆ ಇದನ್ನೊಮ್ಮೆ ಓದಿ

ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಮೂರನ್ನೂ ಸೇರಿಸಿ ಪ್ರವಾಸ ಹೋಗುವವರು ನಮ್ಮ ಕಡೆ ಈಗ ಜಾಸ್ತಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗುತ್ತಾರೆ. ಅಂಥವರು ಹೊರಡುವ ಮುಂಚೆ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಪ್ರಾಗ್‌ನಲ್ಲಿ ನಮ್ಮ ಚಿಕ್ಕಪ್ಪನಿಗೆ ಹಾಡಹಗಲೇ, ಕೈಗೆ ರಸೀದಿ ಕೊಟ್ಟೇ ಮೋಸ ಮಾಡಿದರು. ದುಡ್ಡು ವಾಪಸ್ ಬಂತು. ಅದು ಹೇಗೆ ಬಂತು ಅನ್ನುವುದನ್ನು ಎಲ್ಲರೂ ತಿಳಿದಿರಬೇಕು, ಯಾಕೆಂದರೆ ಅದಕ್ಕೆ ಸಿಗುವ ಸಮಯ ಬರೀ ಮೂರು ಗಂಟೆ.

ಮೊದಲು ಒಂದು ವಿಷಯ. ಪ್ರಾಗ್ ಇರುವುದು ಚೆಕ್ ಗಣರಾಜ್ಯದಲ್ಲಿ, ಆ ದೇಶ 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾ ಅಲ್ಲಿ ನಡೆಯುತ್ತದೆ. ವಿಯೆನ್ನಾದಿಂದ ರೈಲು ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಪ್ರಾಗ್. ಹಾಗಾಗಿ ಅಲ್ಲೂ ಯೂರೋನೇ ಇರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ, ಅಲ್ಲಿನ ದುಡ್ಡು ಕೊರುನಾ. ಒಂದು ಯೂರೋಗೆ ಸುಮಾರು 24–25 ಕೊರುನಾ ಸಿಗಬೇಕು. ನಮ್ಮ ಲೆಕ್ಕದಲ್ಲಿ ಒಂದು ಕೊರುನಾ ಅಂದರೆ ಹೆಚ್ಚುಕಮ್ಮಿ 4 ರೂಪಾಯಿ. ಕೆಲವು ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರೆ, ಆದರೆ ದರ ಅವರು ಹೇಳಿದ್ದು, ಚಿಲ್ಲರೆ ಕೊರುನಾದಲ್ಲಿ.

ನಮ್ಮ ಚಿಕ್ಕಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೆಕ್ಕದಲ್ಲಿ ಯಾರೂ ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಆದರೂ ಆಯಿತು. ಓಲ್ಡ್ ಟೌನ್ ಸ್ಕ್ವೇರ್‌ನಿಂದ ಚಾರ್ಲ್ಸ್ ಸೇತುವೆ ಕಡೆಗೆ ಹೋಗುವ ಗಲ್ಲಿಗಳಲ್ಲಿ ಹೆಜ್ಜೆಗೊಂದು ಮನಿ ಎಕ್ಸ್‌ಚೇಂಜ್ ಇದೆ. ಅಂಥ ಒಂದರ ಮುಂದೆ ದೊಡ್ಡ ಅಕ್ಷರದಲ್ಲಿ ‘0% ಕಮಿಷನ್’ ಅಂತ ಬರೆದಿತ್ತು. ನಾನು ಮತ್ತು ತಂಗಿ ಗಡಿಯಾರ ಗೋಪುರದ ಟಿಕೆಟ್ ಸಾಲಿನಲ್ಲಿದ್ದೆವು. ಚಿಕ್ಕಪ್ಪ, ಚಿಕ್ಕಮ್ಮ ಅಷ್ಟರಲ್ಲಿ ದುಡ್ಡು ಬದಲಿಸಿಕೊಂಡು ಬರುತ್ತೇವೆ ಅಂತ ಹೋದರು. ನೂರರ ಐದು ನೋಟು, ಒಟ್ಟು 500 ಯೂರೋ ಕೊಟ್ಟರು. ಒಳಗಿದ್ದವನು ಒಂದು ಚೀಟಿ ತಳ್ಳಿ ಸಹಿ ಹಾಕಿಸಿಕೊಂಡ. ಎಣಿಸಿ 9,000 ಕೊರುನಾ ಕೊಟ್ಟ.

25ರ ಲೆಕ್ಕದಲ್ಲಿ 500 ಯೂರೋಗೆ 12,500 ಬರಬೇಕು. ಅವನು ಕೊಟ್ಟದ್ದು 18ರ ಲೆಕ್ಕದಲ್ಲಿ. ಒಂದೇ ಏಟಿಗೆ 3,500 ಕೊರುನಾ, ಅಂದರೆ ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ಚಿಕ್ಕಮ್ಮ ಅಲ್ಲೇ, “ರೀ, ಕಮ್ಮಿ ಕೊಟ್ಟ ಹಾಗಿದೆ, ಇನ್ನೊಂದ್ಸಲ ನೋಡಿ” ಅಂದರಂತೆ. ಚಿಕ್ಕಪ್ಪ ಕೇಳಿದ್ದಕ್ಕೆ ಕಿಟಕಿಯವನು ಸಹಿಯ ಮೇಲೆ ಬೆರಳಿಟ್ಟು ತೋರಿಸಿ, ಮುಂದಿನವರನ್ನು ಕರೆದ.

ಅಲ್ಲಿ ನಡೆಯುವ ಆಟ ಇಷ್ಟೇ. ಕಮಿಷನ್ ಸೊನ್ನೆ ಅನ್ನುವುದು ನಿಜ. ಕಮಿಷನ್ ತೆಗೆದುಕೊಳ್ಳುವುದೇ ಇಲ್ಲ, ದರದಲ್ಲೇ ಕತ್ತರಿಸುತ್ತಾರೆ. ದರ ಇಷ್ಟೇ ಇರಬೇಕು ಅಂತ ಅಲ್ಲಿನ ಕಾನೂನು ಕಟ್ಟುಪಾಡು ಹಾಕಿಲ್ಲ, ದರದ ಪಟ್ಟಿ ಕಾಣುವಂತೆ ಇಡಬೇಕು ಅಷ್ಟೆ. ಪಟ್ಟಿ ಇತ್ತು. ಗಾಜಿನ ಒಳಗಡೆ, ಒಂದು ಮೂಲೆಯಲ್ಲಿ, ಬಗ್ಗಿ ನೋಡಿದರೆ ಮಾತ್ರ ಓದಲಾಗುವಷ್ಟು ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕಿದ ಅರವತ್ತು ದಾಟಿದವರಿಗೆ ಅದು ಕಾಣಲಿ ಅಂತ ಯಾರೂ ಇಟ್ಟಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ನಾವು ಹೋಟೆಲಿಗೆ ಬಂದೆವು. ಚಿಕ್ಕಪ್ಪ ಮಾತೇ ಆಡುತ್ತಿರಲಿಲ್ಲ. ರಿಸೆಪ್ಷನ್‌ನಲ್ಲಿದ್ದ ಹುಡುಗಿ ಏನಾಯಿತು ಅಂತ ಕೇಳಿದಳು. ರಸೀದಿ ತೋರಿಸಿದೆವು. ಅವಳು ಮೊದಲು ನೋಡಿದ್ದು ಮೊತ್ತವನ್ನಲ್ಲ, ಮೇಲೆ ಅಚ್ಚಾಗಿದ್ದ ಗಂಟೆಯನ್ನು. “ಇನ್ನೂ ಸಮಯ ಇದೆ, ಈಗಲೇ ಹೋಗಿ” ಅಂದಳು.

2019ರ ಏಪ್ರಿಲ್ 1ರಿಂದ ಚೆಕ್ ಗಣರಾಜ್ಯದಲ್ಲಿ ಒಂದು ಕಾನೂನು ಇದೆ. ಮನಿ ಎಕ್ಸ್‌ಚೇಂಜ್‌ನಲ್ಲಿ 1,000 ಯೂರೋ ಬೆಲೆಯವರೆಗೆ ದುಡ್ಡು ಬದಲಿಸಿದವರು ಮೂರು ಗಂಟೆಯ ಒಳಗೆ ಹೋಗಿ ಆ ವ್ಯವಹಾರವನ್ನು ರದ್ದು ಮಾಡಬಹುದು. ಕಾರಣ ಹೇಳಬೇಕಾಗಿಲ್ಲ. ಅವರು ಕೊಟ್ಟ ಕೊರುನಾ ಅಷ್ಟನ್ನೂ ವಾಪಸ್ ಕೊಟ್ಟರೆ, ನಿಮ್ಮ ಯೂರೋ ಅಷ್ಟನ್ನೂ ವಾಪಸ್ ಕೊಡಬೇಕು. ಪ್ರವಾಸಿಗರಿಗೆ ಇಂಥ ಮೋಸ ಆಗಿ ಆಗಿಯೇ ಈ ಕಾನೂನು ಬಂದದ್ದು. ನಮ್ಮ ರಸೀದಿಯ ಕೆಳಗೂ ಈ ಹಕ್ಕಿನ ಬಗ್ಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಆ ಹುಡುಗಿ ಒಂದು ಚೀಟಿಯಲ್ಲಿ ‘ಸ್ಟೊರ್ನೊ’ ಅಂತ ಬರೆದುಕೊಟ್ಟಳು. ರದ್ದು ಮಾಡಿ ಅಂತ ಕೇಳಲು ಅಲ್ಲಿ ಅದೇ ಮಾತು. ಅವರು ತಕರಾರು ಮಾಡಿದರೆ 158ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ ಅಂದಳು. ದೂರು ಕೊಡುವುದಿದ್ದರೆ ಚೆಕ್ ನ್ಯಾಷನಲ್ ಬ್ಯಾಂಕ್‌ಗೆ, ಈ ಅಂಗಡಿಗಳೆಲ್ಲ ಅದರ ಉಸ್ತುವಾರಿಯಲ್ಲೇ ಇರುವುದು ಅಂತಲೂ ಹೇಳಿದಳು.

ವಾಪಸ್ ಹೋದೆವು. “ಚಿಕ್ಕಪ್ಪ, ನೀವು ಸುಮ್ನೆ ನಿಂತ್ಕೊಳ್ಳಿ, ನಾನು ಮಾತಾಡ್ತೀನಿ” ಅಂದೆ. ರಸೀದಿ, ಚೀಟಿ ಎರಡನ್ನೂ ಕಿಟಕಿಗೆ ಹಿಡಿದೆ. ಕಿಟಕಿಯವನು ಮೊದಲು ಆಗಲ್ಲ ಅಂತ ತಲೆ ಆಡಿಸಿದ. ಆಮೇಲೆ ಮ್ಯಾನೇಜರ್ ಇಲ್ಲ, ನಾಳೆ ಬನ್ನಿ ಅಂದ. ನಾಳೆ ಬಂದರೆ ಮೂರು ಗಂಟೆ ಮುಗಿದಿರುತ್ತದೆ ಅಂತ ಅವನಿಗೂ ಗೊತ್ತು. ನಾನು ದನಿ ಏರಿಸಲಿಲ್ಲ. ಫೋನಿನಲ್ಲಿ 158 ಒತ್ತಿ, ಪರದೆಯನ್ನು ಗಾಜಿಗೆ ಹಿಡಿದು ತೋರಿಸಿದೆ. ಅವನು ಒಂದು ಕ್ಷಣ ನೋಡಿದ. ಡ್ರಾಯರ್ ಎಳೆದು, ನಮ್ಮ 9,000 ಕೊರುನಾ ಎಣಿಸಿಕೊಂಡು, ನೂರರ ಐದು ಯೂರೋ ನೋಟು ಮುಂದಿಟ್ಟ. ಚಿಕ್ಕಪ್ಪ ಅಲ್ಲೇ ನಿಂತು ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ ಜೇಬಿಗಿಟ್ಟುಕೊಂಡರು. ಹಿಂದೆ ನಿಂತಿದ್ದ ಇಬ್ಬರು ಪ್ರವಾಸಿಗರು ಇದನ್ನು ನೋಡಿ ಸಾಲು ಬಿಟ್ಟು ಹೊರಟರು. ಅದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ನಮ್ಮ ಕೆಲಸ ಸಲೀಸಾಗಿದ್ದಕ್ಕೆ ಎರಡು ಕಾರಣ. ರಸೀದಿ ಕೈಯಲ್ಲಿತ್ತು. ಆ ದುಡ್ಡಿನಲ್ಲಿ ಒಂದು ಕೊರುನಾ ಕೂಡ ಖರ್ಚಾಗಿರಲಿಲ್ಲ. ಹಾಗಾಗಿ ಎಲ್ಲಿ ಬದಲಿಸಿದರೂ ರಸೀದಿ ಬಿಸಾಡಬೇಡಿ, ದರ ಸರಿಯಿದೆ ಅಂತ ಖಾತ್ರಿಯಾಗುವ ತನಕ ಆ ನೋಟು ಮುರಿಸಬೇಡಿ. ಅಂಗಡಿ ಮುಚ್ಚುವ ಹೊತ್ತಿಗೆ ಬದಲಿಸಲೂಬೇಡಿ. ವಾಪಸ್ ಹೋದಾಗ ಕಿಟಕಿ ಹಾಕಿದ್ದರೆ ಸುಮ್ನೆ ಪರದಾಟ.

ಇನ್ನು ಬದಲಿಸಲೇಬೇಕು ಅನ್ನುವವರಿಗೆ. ದರದ ಪಟ್ಟಿಯಲ್ಲಿ ಎರಡು ಸಾಲು ಇರುತ್ತದೆ, ‘ನಾಕುಪ್’ ಮತ್ತು ‘ಪ್ರೊದೆಯ್’. ಅವರು ಕೊಳ್ಳುವ ದರ, ಅವರು ಮಾರುವ ದರ. ನಾವು ಯೂರೋ ಕೊಡುವವರು, ಆದ್ದರಿಂದ ನಮಗೆ ಸಂಬಂಧಪಟ್ಟದ್ದು ನಾಕುಪ್. ಎರಡರ ನಡುವೆ ಅಂತರ ತೀರಾ ಕಮ್ಮಿ ಇದ್ದರೆ ಅಂಗಡಿ ನಂಬಬಹುದು. ಒಂದು ಕಡೆ 18, ಇನ್ನೊಂದು ಕಡೆ 27 ಅಂತಿದ್ದರೆ ಅಲ್ಲಿಂದ ಹೊರಟುಬಿಡಿ. ಅದಕ್ಕಿಂತ ಸುಲಭದ ದಾರಿ, ನೋಟು ಕೈಯಿಂದ ಬಿಡುವ ಮುಂಚೆ “ಇಷ್ಟು ಯೂರೋಗೆ ನನ್ನ ಕೈಗೆ ಎಷ್ಟು ಕೊರುನಾ ಕೊಡ್ತೀರಿ, ಬರೆದು ತೋರಿಸಿ” ಅಂತ ಕೇಳುವುದು. ಆಮೇಲೆ ಫೋನಿನಲ್ಲಿ ಅವತ್ತಿನ ದರ ನೋಡಿ. ಚೆಕ್ ನ್ಯಾಷನಲ್ ಬ್ಯಾಂಕ್ ತನ್ನ ದರವನ್ನು ಕೆಲಸದ ದಿನಗಳಲ್ಲಿ ಪ್ರಕಟಿಸುತ್ತದೆ. ವಿಮಾನ ನಿಲ್ದಾಣದ ಕೌಂಟರ್‌ಗಳಲ್ಲಂತೂ ಬದಲಿಸಲೇಬೇಡಿ. ಅಲ್ಲಿಂದ ಊರಿಗೆ ಬರಲು ನಗದು ಬೇಕಾಗುವುದೂ ಇಲ್ಲ. 59ನೇ ನಂಬರಿನ ಟ್ರಾಲಿಬಸ್ ಹತ್ತಿ ವೆಲೆಸ್ಲಾವಿನ್ ಮೆಟ್ರೊ ನಿಲ್ದಾಣಕ್ಕೆ ಬಂದರೆ ಎ ಲೈನ್ ಸಿಗುತ್ತದೆ, ಟಿಕೆಟ್‌ಗೆ ಕಾರ್ಡ್ ಸಾಕು.

ನಿಜ ಹೇಳಬೇಕೆಂದರೆ ಪ್ರಾಗ್‌ನಲ್ಲಿ ನಗದು ಬೇಕಾಗುವುದೇ ಕಮ್ಮಿ. ಊಟದ ಹೋಟೆಲು, ಅಂಗಡಿ, ಟ್ರಾಮ್, ಮ್ಯೂಸಿಯಂ, ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡಿಕೊಳ್ಳಿ.

ಆದರೆ ಕಾರ್ಡಿಗೂ ಒಂದು ಗಾಳ ಇದೆ, ಅದು ನನ್ನ ತಂಗಿಗೆ ಎದುರಾಯಿತು. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಯಾವ ಬ್ಯಾಂಕಿಗೂ ಸೇರದ ಎಟಿಎಂಗಳನ್ನು ಗೋಡೆ ಗೋಡೆಗೂ ಕೂರಿಸಿದ್ದಾರೆ. ಅವಳು 4,000 ಕೊರುನಾ ಕೇಳಿದಳು. ಹದಿನಾರು ಸಾವಿರ ರೂಪಾಯಿ ಆಸುಪಾಸು ಆಗಬೇಕು. ಪರದೆ ಮೇಲೆ, ‘ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಹೋಗುತ್ತದೆ, ದರ ಖಾತ್ರಿ’ ಅಂತ ಹತ್ತೊಂಬತ್ತು ಸಾವಿರದ ಹತ್ತಿರ ತೋರಿಸಿತು. ಕೆಳಗೆ ಎರಡು ಗುಂಡಿ. ಒಪ್ಪುವ ಗುಂಡಿ ಹಸಿರು, ದೊಡ್ಡದು. ‘ಡಿಕ್ಲೈನ್ ಕನ್ವರ್ಷನ್’, ಅಂದರೆ ಅವರ ದರ ಬೇಡ ಅನ್ನುವುದು, ಮಂಕಾಗಿ ಮೂಲೆಯಲ್ಲಿ. ಡಿಕ್ಲೈನ್ ಒತ್ತಿದರೆ ದುಡ್ಡೇ ಬರಲ್ವೇನೋ ಅಂತ ಯಾರಿಗಾದರೂ ಅನ್ನಿಸುತ್ತದೆ. ಬರುತ್ತದೆ. ಅದನ್ನೇ ಒತ್ತಬೇಕು. ಆಗ ಲೆಕ್ಕ ಹಾಕುವುದು ನಿಮ್ಮ ಬ್ಯಾಂಕ್. ಅವಳು ಡಿಕ್ಲೈನ್ ಒತ್ತಿದಳು, 4,000 ಕೊರುನಾ ಸರಿಯಾಗಿ ಬಂತು. ಅಂಗಡಿಯ ಕಾರ್ಡ್ ಮಷಿನ್‌ನಲ್ಲೂ ಇದೇ ಪ್ರಶ್ನೆ ಬರಬಹುದು. ರೂಪಾಯಿನಾ, ಕೊರುನಾನಾ ಅಂತ ಕೇಳಿದರೆ ಕಣ್ಣು ಮುಚ್ಚಿ ಕೊರುನಾ ಅನ್ನಿ. ಕೆಲವು ಕಡೆ ಅಂಗಡಿಯವರೇ ನಮ್ಮನ್ನು ಕೇಳದೆ ಒತ್ತಿಬಿಡುತ್ತಾರೆ. ಮಷಿನ್ ನಿಮ್ಮ ಕಡೆ ತಿರುಗಿಸಿಕೊಳ್ಳಿ. ನಗದು ಬೇಕಾದರೆ ಚೆಸ್ಕಾ ಸ್ಪೊರಿತೆಲ್ನಾ, ಕೊಮೆರ್ಚ್ನಿ ಬಾಂಕಾ ಥರದ ನಿಜವಾದ ಬ್ಯಾಂಕಿನ ಕಟ್ಟಡದಲ್ಲಿರುವ ಎಟಿಎಂ ಹುಡುಕಿ, ಅಲ್ಲೂ ಪರದೆ ಓದಿ.

ಬೀದಿಯಲ್ಲಿ ಯಾರಾದರೂ ಹತ್ತಿರ ಬಂದು “ಚೇಂಜ್? ಒಳ್ಳೆ ರೇಟ್” ಅಂದರೆ ನಿಲ್ಲಲೇಬೇಡಿ. ಅವರು ಕೊಡುವುದು ಬೆಲಾರೂಸ್‌ನ ರೂಬಲ್ ಥರದ ಬೇರೆ ದೇಶದ ನೋಟು. ಅಕ್ಷರ ಗೊತ್ತಿಲ್ಲದ ನಮಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಕೊರುನಾ ನೋಟಿನ ಮೇಲೆ ಚೆಕ್ ನ್ಯಾಷನಲ್ ಬ್ಯಾಂಕಿನ ಹೆಸರು, ‘ಕೊರುನ್ ಚೆಸ್ಕಿಖ್’ ಅನ್ನುವ ಮಾತು ಇಂಗ್ಲಿಷ್ ಥರದ ಅಕ್ಷರದಲ್ಲೇ ಇರುತ್ತದೆ. ರಷ್ಯನ್ ಥರದ ಅಕ್ಷರ ಕಂಡರೆ ಅದು ಕೊರುನಾ ಅಲ್ಲವೇ ಅಲ್ಲ. ಇಲ್ಲಿ ರಸೀದಿ ಇಲ್ಲ, ಮೂರು ಗಂಟೆಯ ಹಕ್ಕೂ ಇಲ್ಲ, ಹೋದದ್ದು ಹೋಯಿತು. ಇದೇ ಜಾಲದಲ್ಲಿ ಇನ್ನೊಬ್ಬ ಬಂದು ತಾನು ಪೊಲೀಸ್, ಪರ್ಸ್ ತೋರಿಸಿ, ನೋಟು ಅಸಲಿಯಾ ನೋಡಬೇಕು ಅನ್ನುವುದೂ ಉಂಟು. ಅಸಲಿ ಪೊಲೀಸರು ಬೀದಿಯಲ್ಲಿ ನಿಮ್ಮ ನೋಟು ಎಣಿಸಲ್ಲ. ಪರ್ಸ್ ತೆಗೆಯದೆ, 158ಕ್ಕೆ ಫೋನ್ ಮಾಡುತ್ತೇನೆ ಅನ್ನಿ.

ಮೆಟ್ರೊದಲ್ಲಿ ನಮ್ಮ ಬೆಂಗಳೂರಿನ ಹಾಗೆ ಗೇಟು ಇಲ್ಲ. ಕಾಗದದ ಟಿಕೆಟ್ ಕೊಂಡರೆ ಮಾತ್ರ ಸಾಲದು, ಒಳಗೆ ಹೋಗುವ ದಾರಿಯಲ್ಲಿರುವ ಹಳದಿ ಡಬ್ಬಿಗೆ ತೂರಿಸಿ ಅದರ ಮೇಲೆ ಸಮಯ ಅಚ್ಚು ಹಾಕಿಸಬೇಕು. ಅಚ್ಚಿಲ್ಲದ ಟಿಕೆಟ್, ಟಿಕೆಟ್ ಇಲ್ಲದ ಹಾಗೆಯೇ ಲೆಕ್ಕ, ದಂಡ ಬೀಳುತ್ತದೆ. ಟಿಕೆಟ್ ನೋಡುವವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ. ಬ್ಯಾಡ್ಜ್ ತೋರಿಸಿ ಅಂತ ಕೇಳಿ, ದಂಡ ಕಟ್ಟಿದರೆ ರಸೀದಿ ಪಡೆಯಿರಿ. ಟ್ರಾಮ್‌ನ ಒಳಗಿರುವ ಮಷಿನ್‌ನಲ್ಲಿ ಕಾರ್ಡ್ ತೋರಿಸಿ ಪಡೆದ ಟಿಕೆಟ್‌ಗೆ ಅಚ್ಚು ಬೇಕಿಲ್ಲ.

ಓಲ್ಡ್ ಟೌನ್‌ನ ಗಡಿಯಾರ 1410ರದು. ಗಂಟೆ ಹೊಡೆಯುವಾಗ ಬೊಂಬೆಗಳು ಸಾಲಾಗಿ ಬರುವುದನ್ನು ನೋಡಲು ನೂರಾರು ಜನ ಕತ್ತೆತ್ತಿ ನಿಂತಿರುತ್ತಾರೆ. ಜೇಬುಗಳ್ಳರು ಕಾಯುವುದು ಆ ಹೊತ್ತಿಗೇ. ಕೋಟೆ ಕಡೆ ಹೋಗುವ 22ನೇ ನಂಬರಿನ ಟ್ರಾಮ್‌ನಲ್ಲೂ ಅಷ್ಟೆ. ಬ್ಯಾಗು ಎದೆಯ ಮೇಲಿರಲಿ, ಪಾಸ್‌ಪೋರ್ಟ್ ಬಟ್ಟೆಯ ಒಳಗಿರಲಿ.

ಚೌಕದಲ್ಲಿರುವ ತಿಂಡಿ ಗಾಡಿಗಳ ಬೋರ್ಡಿನಲ್ಲಿ ಹಾಕಿರುವ ಬೆಲೆ ಎಷ್ಟೋ ಸಲ 100 ಗ್ರಾಂಗೆ ಮಾತ್ರ. ತಟ್ಟೆ ತುಂಬಾ ಹಾಕಿ, ತೂಗಿ, ಮೂರು ನಾಲ್ಕು ಪಟ್ಟು ಕೇಳುತ್ತಾರೆ. ಹಾಕುವ ಮುಂಚೆಯೇ ಎಷ್ಟಾಗುತ್ತದೆ ಅಂತ ಕೇಳಿ. ಸಸ್ಯಾಹಾರಿಗಳು ಇನ್ನೊಂದು ನೋಡಿಕೊಳ್ಳಿ. ಆಲೂಗಡ್ಡೆಯ ಹಲುಷ್ಕಿ ನೋಡಲು ನಮ್ಮದೇ ತಿಂಡಿ ಥರ ಇದ್ದರೂ ಅದರಲ್ಲಿ ಹಂದಿಮಾಂಸದ ಚೂರು ಸೇರಿಸುವುದು ಮಾಮೂಲಿ. ಚಿಕ್ಕಮ್ಮನಿಗೆ ಒಗ್ಗಿದ್ದು ಕರಿದ ಚೀಸ್, ‘ಸ್ಮಾಜೆನಿ ಸಿರ್’. ಹೆಚ್ಚಿನ ಹೋಟೆಲುಗಳಲ್ಲಿ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ.

ಉಳಿದ ಕೊರುನಾವನ್ನು ಅಲ್ಲೇ ಮುಗಿಸಿಬಿಡಿ. ಬೆಂಗಳೂರಿನಲ್ಲಿ ಅದನ್ನು ಬದಲಿಸಿಕೊಡುವವರು ಸಿಗುವುದು ಕಷ್ಟ. ಅಲ್ಲಿಂದ ಬುಡಾಪೆಸ್ಟ್‌ಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲೂ ಯೂರೋ ಇಲ್ಲ, ಫೋರಿಂಟ್. ಅದೇ ಥರದ ಎಟಿಎಂ ಅಲ್ಲೂ ಇವೆ, ಡಿಕ್ಲೈನ್ ಗುಂಡಿಯೂ ಅಲ್ಲಿದೆ. ಆದರೆ ಮೂರು ಗಂಟೆಯೊಳಗೆ ರದ್ದು ಮಾಡುವ ಹಕ್ಕು ಚೆಕ್ ಕಾನೂನಿನದು, ಹಂಗೇರಿಯಲ್ಲಿ ಅದನ್ನು ನೆಚ್ಚಿಕೊಳ್ಳಲು ಆಗಲ್ಲ. ಅಲ್ಲಿ ನೋಟು ಕೊಡುವ ಮುಂಚೆಯೇ ಕೈಗೆ ಎಷ್ಟು ಬರುತ್ತದೆ ಅಂತ ಬರೆಸಿಕೊಳ್ಳಿ.