ಫಾರ್ಸ್ಟರ್ ಮೊದಲೋ, ಜಾಮ್ಯಾಟಿನ್ ಮೊದಲೋ?

ಯಂತ್ರ ಮನುಷ್ಯನನ್ನು ನುಂಗುವ ಕಥೆಗಳಲ್ಲಿ ಯಾವುದನ್ನು ಮೊದಲು ಓದಲಿ ಎಂದು ಮಣಿಪಾಲದಲ್ಲಿ ಓದುವ ತಂಗಿ ಕೇಳಿದಳು.

ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ ಅವರ ‘ದಿ ಮಶೀನ್ ಸ್ಟಾಪ್ಸ್’ 1909ರದ್ದು. ಸಣ್ಣ ಕಥೆ. ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ. ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುವ ಜನ. ಊಟ, ಗಾಳಿ, ಮಾತು ಎಲ್ಲಕ್ಕೂ ಯಂತ್ರವೇ ಬೇಕು. ಯಂತ್ರದ ಮೂಲಕ ಬೇಡ, ಎದುರಿಗೇ ಬಾ ಎಂದು ಮಗ ಅಮ್ಮನನ್ನು ಕರೆಯುತ್ತಾನೆ. ಅಲ್ಲಿ ನನಗೆ ಗಂಟಲು ಕಟ್ಟಿತು. ಮುಂಬೈ, ದುಬೈಯಲ್ಲಿರುವ ಮಕ್ಕಳ ಮುಖವನ್ನು ಮೊಬೈಲಿನಲ್ಲೇ ನೋಡುವ ಅಮ್ಮಂದಿರು ನಮ್ಮಲ್ಲೂ ಎಷ್ಟೊಂದು ಜನ, ಅಲ್ವಾ?

ರಷ್ಯಾದ ಲೇಖಕ ಜಾಮ್ಯಾಟಿನ್ ಅವರ ‘ವಿ’ (We, ಅಂದರೆ ‘ನಾವು’) ಕಾದಂಬರಿಯಲ್ಲಿ ಮನುಷ್ಯರನ್ನೇ ಯಂತ್ರ ಮಾಡುತ್ತಾರೆ. ಹೆಸರಿನ ಬದಲು ನಂಬರು, ಗಾಜಿನ ಮನೆಗಳು. ಕೊನೆಗೆ ಕಲ್ಪನೆಯನ್ನೇ ಆಪರೇಷನ್ ಮಾಡಿ ತೆಗೆಯುತ್ತಾರೆ. ಭಯ ಜಾಸ್ತಿ, ಓದು ನಿಧಾನ.

ಪರೀಕ್ಷೆ ಹತ್ತಿರ ಇದ್ದರೆ ಫಾರ್ಸ್ಟರ್ ಸಾಕು. ಮಳೆಗಾಲದ ರಜೆ ಸಿಕ್ಕರೆ ಜಾಮ್ಯಾಟಿನ್ ಹಿಡಿ.