*99#: ನೆಟ್ ಹೋದಾಗ ಹಣ ಕಳಿಸುವ ಸೇವೆ, ಐದು ತಿಂಗಳ ಬಳಕೆಯ ನಂತರ

2025ರ ಏಪ್ರಿಲ್ 12, ಎರಡನೇ ಶನಿವಾರ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಉಪ್ಪಿನಕಾಯಿಗೆಂದು ಮಾವಿನಕಾಯಿ, ಬಳ್ಳೊಳ್ಳಿ ಕೊಂಡು, 340 ರೂಪಾಯಿ ಕೊಡಲು ಫೋನ್ ತೆಗೆದರೆ ತೆರೆಯ ಮೇಲಿನ ಚಕ್ರ ಸುತ್ತುತ್ತಲೇ ಇತ್ತು. ನನ್ನ ನೆಟ್ ಕೈಕೊಟ್ಟಿರಬೇಕೆಂದು ಫೋನ್ ಆರಿಸಿ ಹಚ್ಚಿದೆ, ಇನ್ನೊಂದು ಆ್ಯಪ್ ತೆರೆದೆ, ಅದೂ ಅಷ್ಟೇ. ಕಾಯಿಪಲ್ಯ ಮಾರುವ ಅವ್ವ ತನ್ನ ಸೌಂಡ್ ಬಾಕ್ಸ್ ಕಡೆ ಬೆರಳು ತೋರಿಸಿ, "ತಾಸಾತ್ರಿ, ಡಬ್ಬಿ ಮಾತಾಡವಲ್ದು" ಎಂದರು. ಕಿಸೆಯಲ್ಲಿ ಇದ್ದದ್ದು 60 ರೂಪಾಯಿ. ಬ್ಯಾಂಕಿಗೆ ರಜೆ, ಹತ್ತಿರದ ಎಟಿಎಂ ಮುಂದೆ ನನ್ನಂಥವರದೇ ಸಾಲು, ಆ ಸಾಲಿನ ತುದಿಯಲ್ಲಿ ಹಣ ತೀರಿದೆ ಎಂಬ ಚೀಟಿ. ಅವರು ನನ್ನ ಮುಖ ನೋಡಿ, "ಒಯ್ರಿ, ನಾಳೆ ಕೊಡೀರಂತ" ಎಂದು ಚೀಲ ಕೈಗಿತ್ತರು. ಎಷ್ಟೋ ವರ್ಷಗಳ ಮೇಲೆ ನಾನು ಉದ್ರಿ ತಂದದ್ದು ಅಂದೇ.

ಅಂದು ರಾತ್ರಿ ಧಾರವಾಡದ ಮನೆಯಲ್ಲಿ ಕುಳಿತು, ಇಂಟರ್ನೆಟ್ ಇಲ್ಲದೆಯೂ ಹಣ ಕಳಿಸಬಹುದು ಎಂದು ಎಂದೋ ಓದಿದ್ದ *99# ಸೇವೆಯನ್ನು ನನ್ನ ಫೋನಿನಲ್ಲಿ ಶುರು ಮಾಡಿಕೊಂಡೆ. ಆಗಿನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬೇಕೆಂದೇ ಬಳಸಿದ್ದೇನೆ. ಕೆಲವು ಸಲ ಅಗತ್ಯದಿಂದ, ಹೆಚ್ಚು ಸಲ ಪರೀಕ್ಷೆಗಾಗಿ. ಈ ಬರಹ ಆ ಅನುಭವದ ಮೇಲೆ ನಿಂತಿದೆ.

ಇದು ಹೊಸ ಸೇವೆಯಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಇದನ್ನು 2012ರ ನವೆಂಬರ್‌ನಲ್ಲಿ ಆರಂಭಿಸಿತು. 2014ರ ಆಗಸ್ಟ್ 28ರಂದು ಜನಧನ ಯೋಜನೆಯ ಜೊತೆಗೆ ದೇಶಕ್ಕೆ ಸಮರ್ಪಣೆಯಾಯಿತು. ಯುಪಿಐ ಬಂದದ್ದು 2016ರಲ್ಲಿ, ಎಂದರೆ ಇದು ಅದಕ್ಕಿಂತ ಹಿರಿಯದು. ಇದು ನಡೆಯುವುದು ಯುಎಸ್‌ಎಸ್‌ಡಿ ಎಂಬ ಹಳೆಯ ದಾರಿಯಲ್ಲಿ. ಪ್ರೀಪೇಯ್ಡ್ ಸಿಮ್‌ನಲ್ಲಿ ಉಳಿದ ಬ್ಯಾಲೆನ್ಸ್ ನೋಡಲು ನಾವೆಲ್ಲ ನಕ್ಷತ್ರ, ಅಂಕಿ, ಹ್ಯಾಶ್ ಒತ್ತುತ್ತಿದ್ದೆವಲ್ಲ, ಅದೇ ದಾರಿ. ಕರೆ ಜೋಡಿಸುವ ಸಂಕೇತಗಳು ಸಾಗುವ ಕಾಲುವೆಯಲ್ಲೇ ಈ ಮಾತುಕತೆಯೂ ಸಾಗುವುದರಿಂದ ಡೇಟಾ ಬೇಕಿಲ್ಲ, ಡೇಟಾ ಪ್ಯಾಕ್ ಮುಗಿದಿದ್ದರೂ ಅಡ್ಡಿಯಿಲ್ಲ, ಬಟನ್ ಫೋನಾದರೂ ನಡೆಯುತ್ತದೆ. ಆದರೆ ನಿಮ್ಮ ಮೊಬೈಲ್ ಕಂಪನಿ ಈ ಸೌಲಭ್ಯ ಕೊಟ್ಟಿರಬೇಕು, ಮತ್ತು ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್‌ನಿಂದಲೇ ಒತ್ತಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ನಾನು ಮೊದಲ ದಿನ ತಪ್ಪು ಸಿಮ್ ಆರಿಸಿ ಅರ್ಧ ತಾಸು ಬ್ಯಾಂಕನ್ನು ಬೈದದ್ದನ್ನು ಒಪ್ಪಿಕೊಳ್ಳುತ್ತೇನೆ.

ಶುರು ಮಾಡುವುದು ಹೀಗೆ. *99# ಒತ್ತಿದರೆ ಭಾಷೆ ಕೇಳುತ್ತದೆ. ಹಿಂದಿ, ಇಂಗ್ಲಿಷ್ ಸೇರಿ 13 ಭಾಷೆಗಳಿದ್ದು ಕನ್ನಡವೂ ಇದೆ. ಬ್ಯಾಂಕಿನ ಹೆಸರು ಇಲ್ಲವೆ ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಕೊಟ್ಟರೆ ಆ ಸಂಖ್ಯೆಗೆ ಜೋಡಿಸಿದ ಖಾತೆಗಳು ಕಾಣುತ್ತವೆ. ಒಂದನ್ನು ಆರಿಸಿ, ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟರೆ ಮುಗಿಯಿತು. ಹೇಳಲು ಸಲೀಸು. ನನಗೆ ಮೂರು ಸಲ ಬೇಕಾಯಿತು, ಏಕೆಂದರೆ ಪ್ರಶ್ನೆ ಹೊತ್ತು ತೆರೆಯ ಮೇಲೆ ಮೂಡುವ ಪ್ರತಿ ಪೆಟ್ಟಿಗೆಯೂ ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ. ಉತ್ತರ ತಡವಾದರೆ ಇಡೀ ಮಾತುಕತೆ ಕಡಿದು, ಮೊದಲಿನಿಂದ ಮತ್ತೆ ಆರಂಭ. ಕಾರ್ಡಿನ ಅಂಕಿಗಳನ್ನು ನಾನು ಓದಿ ಒತ್ತುವಷ್ಟರಲ್ಲಿ ಎರಡು ಸಲ ಹಾಗಾಯಿತು. ಪೆಟ್ಟಿಗೆಯಲ್ಲಿ ಕನ್ನಡವೇನೋ ಇತ್ತು, ನನ್ನ ಬಳಿ ಕನ್ನಡಕ ಇರಲಿಲ್ಲ.

ಕನ್ನಡದ ಬಗ್ಗೆ ಒಂದು ಮಾತು. ಯುಎಸ್‌ಎಸ್‌ಡಿಯ ಒಂದು ಸಂದೇಶದಲ್ಲಿ ಇಂಗ್ಲಿಷಿನದಾದರೆ 182 ಅಕ್ಷರ ಹಿಡಿಯುತ್ತವೆ; ನಮ್ಮ ಲಿಪಿಗೆ ಒಂದೊಂದಕ್ಕೂ ಹೆಚ್ಚು ಜಾಗ ಬೇಕಾದ್ದರಿಂದ ಅದರ ಅರ್ಧವೂ ಹಿಡಿಯುವುದಿಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಆಯ್ಕೆಗಳ ಪಟ್ಟಿ ತುಂಡುತುಂಡಾಗುವುದು ಸಹಜ. ಕನ್ನಡವನ್ನು ಕೊಟ್ಟಿದ್ದಕ್ಕೆ ಮೆಚ್ಚಬೇಕು, ಆದರೂ ಕೆಲವು ದಿನಗಳಲ್ಲೇ ನಾನು ಆಯ್ಕೆಗಳನ್ನು ಓದುವುದನ್ನು ಬಿಟ್ಟು ಅಂಕಿಗಳನ್ನೇ ಬಾಯಿಪಾಠ ಮಾಡಿಕೊಂಡೆ: ಹಣ ಕಳಿಸಲು 1, ಖಾತೆಯ ಬಾಕಿ ನೋಡಲು 3, ಹಿಂದಿನ ವ್ಯವಹಾರಗಳಿಗೆ 6.

ನಿಜವಾದ ಅಗತ್ಯ ಬಿದ್ದದ್ದು ಮಳೆಗಾಲದಲ್ಲಿ. ಧಾರವಾಡದ ಮಳೆ ಗಾಳಿ ಕಟ್ಟಿಕೊಂಡು ಬಂದರೆ ಮೊದಲು ಹೋಗುವುದು ಕರೆಂಟ್. ಅದರ ಹಿಂದೆ, ಟವರಿನ ಬ್ಯಾಟರಿ ಇಳಿದ ಹಾಗೆಲ್ಲ, ಡೇಟಾ ಸೊರಗುತ್ತದೆ. ಅಂಥ ಒಂದು ಸಂಜೆ ಸಪ್ತಾಪುರದ ಔಷಧಿ ಅಂಗಡಿಯಲ್ಲಿ ರಕ್ತದೊತ್ತಡದ ಮಾತ್ರೆಗಳನ್ನು ಕಟ್ಟಿಸಿದೆ. ಬಿಲ್ 286 ರೂಪಾಯಿ. ಅಂಗಡಿಯಲ್ಲಿ ಮೇಣದ ಬತ್ತಿ, ಫೋನಿನಲ್ಲಿ ಸಿಗ್ನಲ್‌ನ ಒಂದೇ ಕಡ್ಡಿ, ಡೇಟಾ ಸೊನ್ನೆ. ಗಾಜಿನ ಮೇಲೆ ಅಂಟಿಸಿದ ಕ್ಯೂಆರ್ ಈ ಸೇವೆಗೆ ಕೆಲಸಕ್ಕೆ ಬಾರದು, ಏಕೆಂದರೆ ಇದಕ್ಕೆ ಕಣ್ಣಿಲ್ಲ; ಮೊಬೈಲ್ ಸಂಖ್ಯೆ, ಯುಪಿಐ ಐಡಿ, ಇಲ್ಲವೆ ಖಾತೆ ಸಂಖ್ಯೆಯೊಂದಿಗೆ ಐಎಫ್‌ಎಸ್‌ಸಿ ಒತ್ತಿಯೇ ತಿಳಿಸಬೇಕು. ಅಂಗಡಿಯವರ ಸಂಖ್ಯೆ ಕೇಳಿ ಒತ್ತಿದೆ. ಅವರ ಹೆಸರು ತೆರೆಯ ಮೇಲೆ ಬಂತು, ಅದನ್ನು ಗಟ್ಟಿಯಾಗಿ ಓದಿ ಹೇಳಿದೆ, ಹೌದೆಂದರು. ಮೊತ್ತ ಒತ್ತಿದೆ. ಷರಾ ಬೇಕೇ ಎಂದು ಕೇಳಿತು, ಬೇಡವೆಂದೆ. ಪಿನ್ ಒತ್ತಿದೆ. ಹಣ ಸಂದಾಯವಾಗಿದೆ ಎಂಬ ಪೆಟ್ಟಿಗೆ ಮೂಡಿತು. ಮುಂದಿನ ಕೆಲವು ಗಳಿಗೆ ನಾವಿಬ್ಬರೂ ಸೌಂಡ್ ಬಾಕ್ಸ್ ಮಾತಾಡೀತೆಂದು ಅದರ ಮುಖ ನೋಡುತ್ತ ನಿಂತೆವು. ಅದು ಮಾತಾಡಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ: ಅದು ಓದುವುದು ತನ್ನ ಕ್ಯೂಆರ್‌ಗೆ ಬಂದ ಹಣವನ್ನು ಮಾತ್ರ, ನಾನು ಕಳಿಸಿದ್ದು ಅವರ ಸ್ವಂತ ಮೊಬೈಲ್ ಸಂಖ್ಯೆಗೆ. ಕಡೆಗೆ ಬ್ಯಾಂಕಿನ ಎಸ್‌ಎಂಎಸ್ ಬಂದು ಅವರ ಮನಸ್ಸು ಹಗುರಾಯಿತು.

ನಂತರ ಮನೆಯಲ್ಲಿ ಗಡಿಯಾರ ಹಿಡಿದು ನೋಡಿದೆ. ಎಲ್ಲ ಸರಿಯಿದ್ದಾಗ ಆ್ಯಪ್‌ನಲ್ಲಿ ಹತ್ತು ಸೆಕೆಂಡಿಗೆ ಮುಗಿಯುವ ಕೆಲಸಕ್ಕೆ ಇಲ್ಲಿ ಒಂದೂಕಾಲು ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ ಚಿಗರಿ ಬಸ್ಸಿನ ಟಿಕೆಟ್ ಕೌಂಟರಿನ ಮುಂದೆ ಹತ್ತು ಮಂದಿ ನಿಂತಿರುವಾಗ ಇದನ್ನು ಬಳಸುವೆನೆಂದು ಹೊರಡುವುದು ಹಿಂದಿನವರ ತಾಳ್ಮೆಗೆ ಅನ್ಯಾಯ. ಒಮ್ಮೆಗೆ 5,000 ರೂಪಾಯಿ ಮಿತಿಯಿದೆ, ದಿನಸಿಗೂ ಔಷಧಿಗೂ ಅದು ಸಾಕು. ಶುಲ್ಕವಿಲ್ಲ: 2016ರ ನವೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಗರಿಷ್ಠ ದರವನ್ನು ಒಂದೂವರೆ ರೂಪಾಯಿಯಿಂದ 50 ಪೈಸೆಗೆ ಇಳಿಸಿತ್ತು, 2022ರಲ್ಲಿ ಅದನ್ನೂ ತೆಗೆದುಹಾಕಿತು.

ನನಗೆ ಎಳ್ಳಷ್ಟೂ ಒಪ್ಪಿಗೆಯಾಗದ ದೋಷವೆಂದರೆ ಪಿನ್. ಆ್ಯಪ್‌ನಲ್ಲಿ ಒತ್ತಿದ ಅಂಕಿ ಕೂಡಲೆ ಚುಕ್ಕೆಯಾಗಿ ಮರೆಯಾಗುತ್ತದೆ. ನನ್ನ ಫೋನಿನ ಈ ಪೆಟ್ಟಿಗೆಯಲ್ಲಿ ಅದು ಜಾತ್ರೆಯ ಫಲಕದಂತೆ ದಪ್ಪಗೆ ನಿಂತಿರುತ್ತದೆ, ಹಿಂದೆ ನಿಂತವರಿಗೆ ಓದಲು ಕುತ್ತಿಗೆ ಚಾಚುವ ಶ್ರಮವೂ ಇಲ್ಲ. ಔಷಧಿ ಅಂಗಡಿಯಲ್ಲಿ ಮೇಣದ ಬತ್ತಿಯ ಬೆಳಕು ಸಾಲದೆ ನಾನು ಫೋನನ್ನು ಎತ್ತಿ ಹಿಡಿದಿದ್ದೆ. ಪಕ್ಕದಲ್ಲಿದ್ದ ಹುಡುಗ ಸಭ್ಯನಾಗಿ ಮುಖ ತಿರುಗಿಸಿದಾಗಲೇ ನನಗೆ ಇದು ಹೊಳೆದದ್ದು. ಇನ್ನೊಂದು ಎಚ್ಚರಿಕೆಯೂ ಈ ದಾರಿಗೆ ಸೇರಿದ್ದು: ಯಾರೋ ಕರೆ ಮಾಡಿ *401* ಎಂದು ಶುರುವಾಗುವ ಸಂಖ್ಯೆ ಒತ್ತಿಸಿದರೆ ನಿಮ್ಮ ಕರೆಗಳು ಅವರ ಫೋನಿಗೆ ತಿರುಗುತ್ತವೆ, ಒಟಿಪಿ ಹೇಳುವ ಕರೆಯೂ ಅದರಲ್ಲಿ ಸೇರಿ. ಈ ಮೋಸ ಎಷ್ಟು ಹಬ್ಬಿತ್ತೆಂದರೆ ಯುಎಸ್‌ಎಸ್‌ಡಿ ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಬೇಕಾಯಿತು. *99#ಗೂ ಆ ಮೋಸಕ್ಕೂ ಸಂಬಂಧವಿಲ್ಲ. ಆದರೆ ನಕ್ಷತ್ರ-ಹ್ಯಾಶ್ ಒತ್ತುವ ರೂಢಿಯನ್ನು ಮನೆಯ ಹಿರಿಯರಿಗೆ ಕಲಿಸುವವರು ಈ ಮಾತನ್ನೂ ಜೊತೆಗೇ ಕಲಿಸಬೇಕು.

ಒಂದು ಸಲ ಹಣ ನನ್ನ ಖಾತೆಯಿಂದ ಕಡಿತವಾಗಿ ಆಚೆಗೆ ಮುಟ್ಟಲಿಲ್ಲ. ವಿಚಾರಿಸಲು ಬ್ಯಾಂಕಿನ ಶಾಖೆಗೆ ಹೋದರೆ ಅಲ್ಲಿನ ಸಿಬ್ಬಂದಿ "ಯಾವ ಆ್ಯಪ್ ರೀ?" ಎಂದು ಮೂರು ಸಲ ಕೇಳಿದರು, ಆ್ಯಪ್ ಅಲ್ಲವೆಂದು ಮೂರು ಸಲ ಹೇಳಿದೆ. ಅಷ್ಟರಲ್ಲಿ ಹಣ ತಾನಾಗಿಯೇ ಮರಳಿತ್ತು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಯುಪಿಐಯಲ್ಲಿ ಹೀಗೆ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಸೇರದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ ನಿಯಮ ಗೊತ್ತಿದ್ದರೆ ಕೌಂಟರಿನ ಮುಂದೆ ದನಿ ತುಸು ಗಟ್ಟಿಯಾಗುತ್ತದೆ.

ಗದಗದಲ್ಲಿರುವ ನಮ್ಮ ಅವ್ವನ ಬಟನ್ ಫೋನಿನಲ್ಲೂ ಇದನ್ನು ಹಾಕಿಕೊಟ್ಟೆ. ಪಿಂಚಣಿ ಜಮೆಯಾಯಿತೇ ಎಂದು ನೋಡಲು 3 ಒತ್ತುವುದನ್ನು ಒಂದೇ ದಿನದಲ್ಲಿ ಕಲಿತಳು, ಹಣ ಕಳಿಸುವುದನ್ನು ಮಾತ್ರ ಬೇಕಂತಲೇ ಕಲಿಯಲಿಲ್ಲ. "ಎಷ್ಟೈತಿ ಅಂತ ಹೇಳ್ತೈತಲ್ಲ, ಸಾಕು ಬಿಡು. ಕೊಡೂದು ನಾ ಕೈಯಾಗ ಎಣಿಸೇ ಕೊಡಾಕಿ" ಎಂದಳು. ಪೆಟ್ಟಿಗೆಗಳ ಕಾಟ ಬೇಡವೆನ್ನುವವರಿಗೆ 2022ರ ಮಾರ್ಚ್ 8ರಂದು ಆರಂಭವಾದ ಯುಪಿಐ 123ಪೇ ಇದೆ. ಅದರಲ್ಲಿ ಕರೆ ಮಾಡಿ, ಧ್ವನಿ ಹೇಳಿದಂತೆ ಅಂಕಿ ಒತ್ತಿ ಹಣ ಕಳಿಸಬಹುದು, ಮಿತಿಯನ್ನೂ ಈಗ 10,000 ರೂಪಾಯಿಗೆ ಏರಿಸಿದ್ದಾರೆ. ನಾನು ಅದನ್ನು ಎರಡೇ ಸಲ ಬಳಸಿರುವುದರಿಂದ ಹೆಚ್ಚು ಹೇಳಲಾರೆ.

ಇನ್ನು ಏಪ್ರಿಲ್ 12ರ ಪ್ರಶ್ನೆ. ಅಂದು ನನ್ನ ಬಳಿ *99# ಇದ್ದಿದ್ದರೆ ಉದ್ರಿ ತಪ್ಪುತ್ತಿತ್ತೇ? ತಪ್ಪುತ್ತಿತ್ತೆಂದು ನಂಬಿಯೇ ನಾನು ಇದನ್ನು ಶುರು ಮಾಡಿಕೊಂಡದ್ದು, ಮತ್ತು ಆ ನಂಬಿಕೆ ತಪ್ಪಾಗಿತ್ತು. ಅಂದು ಕೆಟ್ಟದ್ದು ನನ್ನ ನೆಟ್ ಅಲ್ಲ. ಹಿಂದಿನ ವ್ಯವಹಾರಗಳು ಏನಾದವೆಂದು ಕೆಲವು ಬ್ಯಾಂಕುಗಳಿಂದ ಮೇಲಿಂದ ಮೇಲೆ ಬಂದ ವಿಚಾರಣೆಗಳ ಹೊರೆಯನ್ನು ತಾಳದೆ ಯುಪಿಐ ವ್ಯವಸ್ಥೆಯೇ ಕುಸಿದಿತ್ತು. ಅದರ ಎರಡೂವರೆ ವಾರ ಮೊದಲು, ಮಾರ್ಚ್ 26ರ ಸಂಜೆಯೂ ಯುಪಿಐ ನಿಂತಿತ್ತು. ಇಂಥ ಹೊರೆ ತಗ್ಗಿಸಲೆಂದೇ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಖಾತೆಯ ಬಾಕಿ ನೋಡಬಹುದೆಂಬ ಮಿತಿ ಬಂದದ್ದು. *99#ನ ಹಣವೂ ಕಡೆಗೆ ಹಾಯುವುದು ಅದೇ ಯುಪಿಐ ಮೂಲಕ. ಮನೆಯಿಂದ ದೊಡ್ಡ ರಸ್ತೆಯವರೆಗಿನ ಓಣಿ ಕಟ್ಟಿಕೊಂಡಾಗ ಇದು ಇನ್ನೊಂದು ಓಣಿಯಿಂದ ನಿಮ್ಮನ್ನು ರಸ್ತೆಗೆ ತಲುಪಿಸುತ್ತದೆ. ರಸ್ತೆಯೇ ಬಂದಾದರೆ ಇದರಿಂದ ಪ್ರಯೋಜನವಿಲ್ಲ. ಅಂಥ ದಿನಕ್ಕೆ ನೋಟೇ ಬೇಕು. ಫೋನಿನ ಕವರಿನ ಹಿಂದೆ ಮಡಿಸಿದ 500ರ ಒಂದು ನೋಟು ಆಗಿನಿಂದ ನನ್ನ ಬಳಿ ಇದೆ, ಎರಡು ಸಲ ಖರ್ಚಾಗಿ ಎರಡು ಸಲ ಮತ್ತೆ ಸೇರಿದೆ.

ಅಂಕ ಕೊಡಲೇಬೇಕೆಂದರೆ ಐದರಲ್ಲಿ ಮೂರು ಕೊಡುತ್ತೇನೆ. ಪಿನ್ ಮರೆಯಾಗುವಂತಿದ್ದರೆ ನಾಲ್ಕು ಕೊಡುತ್ತಿದ್ದೆ. ಹಾಕಿಕೊಳ್ಳುವವರು ಮಳೆ ಹಿಡಿಯುವ ಮೊದಲೇ, ಹಗಲು ಬೆಳಕಿನಲ್ಲಿ, ಡೆಬಿಟ್ ಕಾರ್ಡನ್ನೂ ಕನ್ನಡಕವನ್ನೂ ಎದುರಿಗಿಟ್ಟುಕೊಂಡು ಹಾಕಿಕೊಳ್ಳಿ. ನಿತ್ಯ ಹೋಗುವ ಅಂಗಡಿಗಳವರ ಮೊಬೈಲ್ ಸಂಖ್ಯೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಚೀಟಿಯಲ್ಲಿ ಹಾಲಿನವರು, ಔಷಧಿ ಅಂಗಡಿಯವರು, ಕಿರಾಣಿಯವರು ಇದ್ದಾರೆ. ದುರ್ಗದ ಬೈಲಿನ ಅವ್ವನ ಸಂಖ್ಯೆಯನ್ನೂ 340 ರೂಪಾಯಿ ಮುಟ್ಟಿಸಲು ಹೋದಾಗ ಕೇಳಿದೆ. ಅವರು, "ನಂಬರ ಮಗನ ಕಡೆ ಐತ್ರಿ, ನನಗ ಬರೂದಿಲ್ಲ" ಎಂದು ನಕ್ಕು, ನೋಟುಗಳನ್ನು ಎಣಿಸಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡರು.