ಮಂಗಳವಾರದ ಮನೋಚೈತನ್ಯ ಕ್ಲಿನಿಕ್: ಡಾಕ್ಟರ್ ಚಲೋ, ಆದ್ರ ಒಂದ್ ಸ್ಟಾರ್ ಕಟ್

ಹಾವೇರಿ ಜಿಲ್ಲಾದಾಗಿನ ಒಂದ್ ತಾಲೂಕ್ ಆಸ್ಪತ್ರಿ, ಹೆಸರ ಬ್ಯಾಡ ಬಿಡ್ರಿ. ಮಂಗಳವಾರಕ್ಕೊಮ್ಮೆ ಮನಸ್ಸಿನ ಡಾಕ್ಟರ್ ಬಂದು ನೋಡೂ ಈ ಕ್ಲಿನಿಕ್ಕಿಗೆ ನಮ್ ಕಾಕಾನ್ನ ಕರ್ಕೊಂಡ್ ಹೋಗಾಕತ್ತೀನಿ. ಚೀಟಿ, ಪಾಳಿ, ಗದ್ಲ ಎಲ್ಲಾ ಸರ್ಕಾರಿ ದವಾಖಾನಿ ಹೆಂಗಿರ್ತೈತೋ ಹಂಗ, ಗುಳಿಗಿ ಫ್ರೀ.

ಡಾಕ್ಟರ್ ಬಗ್ಗೆ ಮಾತ್ರ ಹೇಳಾಕಬೇಕು. ಕಾಕಾ ನಿದ್ದಿಲ್ಲ, ಹೊಟ್ಟಿ ಉರಿ, ಸೊಂಟ ಬ್ಯಾನಿ ಅಂತ ಸುತ್ತು ಹೊಡದ್ರೂ ಪೂರ್ತಿ ಕೇಳಿಸ್ಕೊಂಡು ಆಮ್ಯಾಲ ನೇರ "ಯಜಮಾನ್ರ, ಜೀವಾನ ಬ್ಯಾಡ ಅನಸ್ತೈತೇನ್ರಿ?" ಅಂದ್ರು. ಹಿಂಗ ಕೇಳಿದ್ರ ಇಲ್ದ ವಿಚಾರ ತಲಿಗೆ ಹಾಕ್ದಂಗ ಅಂತ ಬಾಳ ಮಂದಿ ತಿಳ್ಕೊಂಡಾರ, ಹಂಗಾಗೂದಿಲ್ರಿ, ಕೇಳಿದ್ರ ಮನಷ್ಯಾ ಬಾಯಿ ಬಿಡ್ತಾನ. ಕಾಕಾ ಬಿಟ್ಟ. ಪೊಲೀಸ್ ಕೇಸ್ ಆಕ್ಕೈತೇನೋ ಅಂತ ಕಾಕು ಅಂಜಿದ್ಲು, 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮ್ಯಾಲ ಜೀವಾ ಕಳ್ಕೊಳ್ಳಾಕ ಪ್ರಯತ್ನ ಮಾಡಿದವ್ರೂ ತೀವ್ರ ಒತ್ತಡದಾಗ ಇದ್ರು ಅಂತಾನ ಲೆಕ್ಕ, ಶಿಕ್ಷಾ ಇಲ್ಲ ಅಂತ ತಿಳಿಸಿ ಹೇಳಿದ್ರು.

ಸ್ಟಾರ್ ಕಟ್ ಮಾಡಿದ್ದ್ ಯಾಕಂದ್ರ, ನಮ್ ಕಡೀ ಒಬ್ಬ ರೈತ ಇದಾ ಕ್ಲಿನಿಕ್ಕಿನ ಪೇಶಂಟ್, ಗುಳಿಗಿ ಒಯ್ಯಾಕ ಬರೂದ ಬಿಟ್ಟ, ಯಾರೂ ಒಂದ್ ಫೋನ್ ಮಾಡ್ಲಿಲ್ಲ, ಜೀವ ಕಳ್ಕೊಂಡ. ಪೊಲೀಸ್ರು ಯುಡಿಆರ್ (ಅಸಹಜ ಸಾವಿನ ವರದಿ) ಬರದ್ರು, ಪೇಪರ್‌ನ್ಯಾಗ "ಜೀವನದಲ್ಲಿ ಜಿಗುಪ್ಸೆಗೊಂಡು" ಅನ್ನೂ ಅದಾ ಸಾಲು ಬಂತು. ದವಾಖಾನಿಯಾಗ ಏನ್ ಬರ್ಕೊಂಡ್ರಿ ಅಂತ ಕೇಳಿದ್ರ ಅಂಥಾದ್ದೇನ್ ಪದ್ಧತಿ ಇಲ್ಲಂತ.

ಬಾಣಂತಿ ತೀರ್ಕೊಂಡ್ರ ತಾಯಿ ಮರಣ ಆಡಿಟ್ ಮಾಡ್ತೀರಿ, ಎಲ್ಲಿ ತಡಾ ಆತು, ಗಾಡಿ ಯಾಕ ಬರ್ಲಿಲ್ಲ ಅಂತ ಆಶಾ ಅಕ್ಕನಿಂದ ಹಿಡದು ಎಲ್ಲಾರ್ನೂ ಕೇಳ್ತೀರಿ, ಇದಕ್ಕ್ಯಾಕಿಲ್ಲ? ಇಂಗ್ಲೆಂಡಿನ್ಯಾಗ ಜಿಪಿ, ಅಂದ್ರ ಸಾದಾ ಡಾಕ್ಟರ್ ಕ್ಲಿನಿಕ್‌ನವ್ರು ಇಂಥಾ ಸಾವಾದ್ರ ಕುಂತು ಚರ್ಚಾ ಮಾಡೂ ರೂಢಿ ಐತಿ. ಹೊರದೇಶದ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ 2002ರ ವರದಿ ಪ್ರಕಾರ ಹಿಂಗ ಹೋದವ್ರಾಗ ಸುಮಾರು ನೂರಕ್ಕ 45 ಮಂದಿ ಕಡೀ ತಿಂಗಳದಾಗ ಸಾದಾ ಡಾಕ್ಟರ್ ಕಡೆ ಹೋಗಿದ್ರಂತ. ಅಂದ್ರ ಬಾಗಲಾ ತನಕ ಬಂದಿರ್ತಾರ್ರೀ. ಕಡೀಕ ಬಂದಾಗ ಏನಂದ್ರು, ಖಿನ್ನತಿ ಎಷ್ಟೈತಿ ಅಂತ ನೋಡೂ ಒಂಬತ್ತ್ ಪ್ರಶ್ನಿ ಫಾರ್ಮ್ ತುಂಬಿದ್ರೋ, ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕಳ್ಸಿದ್ರ ಹೋಗಿ ಮುಟ್ಟಿದ್ರೋ ಇಲ್ಲೋ, ಆಮ್ಯಾಲ ಆ ಮನಿಯವ್ರನ್ನ ಯಾರರ ಮಾತಾಡ್ಸಿದ್ರೋ, ಇಷ್ಟ ನೋಡ್ರಿ ಸಾಕು. ಡಾಕ್ಟರ್ ಕುತ್ತಿಗಿ ಹಿಡ್ಯಾಕಲ್ಲ ಮತ್ತ, ಹಂಗ ಮಾಡಿದ್ರ ಎಲ್ಲಾರೂ ಫೈಲ್ ತಿದ್ದಾಕ ಕುಂದರ್ತಾರ.

ಹೋಗೂರು ಲಗೂನ ಹೋಗ್ರಿ, ಹಳೀ ಚೀಟಿ ಒಯ್ರಿ. ಮಂಗಳವಾರದ ತನಕ ತಡ್ಯಾಕ ಆಗೂದಿಲ್ಲ ಅಂದ್ರ 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರ್ಕಾರದ ಮನಸ್ಸಿನ ಸಹಾಯವಾಣಿ, ರೊಕ್ಕಿಲ್ಲ, ರಾತ್ರಿನೂ ಎತ್ತತಾರ, ಕನ್ನಡದಾಗ ಮಾತಾಡ್ತಾರ.